ಜಿಡ್ಡು ಹಿಡಿಯುವ ತೊಟ್ಟಿ

ಬೆಂಗಳೂರಿನ ಯಾವುದೇ ದರ್ಶಿನಿಗೆ ಬೆಳಗಿನ ಹೊತ್ತು ಹೋದರೆ ಕಣ್ಣು ಮೊದಲು ಹೋಗುವುದು ಕಾವಲಿಯ ಕಡೆಗೆ. ಹಿಟ್ಟು ಹರಡುವ ಕೈ, ಮೇಲೆ ಸುರಿಯುವ ತುಪ್ಪ, ದೋಸೆಯ ಅಂಚು ಏಳುವ ಗಳಿಗೆಯನ್ನು ಬಲ್ಲ ಭಟ್ಟರ ನೋಟ ಇವನ್ನೆಲ್ಲ ಹೊಗಳಿ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಅದೇ ಅಡುಗೆಮನೆಯ ಹಿಂಬದಿಯಲ್ಲಿ, ಪಾತ್ರೆ ತೊಳೆಯುವ ಸಿಂಕಿಗೂ ಬೀದಿಯ ಒಳಚರಂಡಿಗೂ ನಡುವೆ, ಮುಚ್ಚಳ ಹಾಕಿದ ಒಂದು ತೊಟ್ಟಿ ಇರುತ್ತದೆ, ಅಥವಾ ಇರಬೇಕು. ಪ್ಲಂಬರುಗಳು ಅದನ್ನು ಗ್ರೀಸ್ ಟ್ರ್ಯಾಪ್ ಅನ್ನುತ್ತಾರೆ. ಅದರಲ್ಲಿ ತಿರುಗುವ ಚಕ್ರವಿಲ್ಲ, ಅದಕ್ಕೆ ಕರೆಂಟು ಬೇಡ, ಔಷಧಿ ಬೇಡ. ಓಡುವ ನೀರನ್ನು ಸುಮಾರು ಅರ್ಧ ಗಂಟೆ ತಡೆದು ನಿಲ್ಲಿಸುವುದಷ್ಟೇ ಅದರ ಕೆಲಸ. ಹಾಗೆ ನಿಲ್ಲಿಸುವುದರಲ್ಲಿ ಎಷ್ಟು ಲೆಕ್ಕಾಚಾರ, ಎಷ್ಟು ಅನುಭವ ಸೇರಿದೆ ಎಂದು ತಿಳಿಯುತ್ತ ಹೋದಂತೆ ಈ ತೊಟ್ಟಿಯ ಮೇಲೆ, ಅದನ್ನು ಸರಿಯಾಗಿ ಕಟ್ಟಿ ಕಾಪಾಡುವವರ ಮೇಲೆ, ನನಗೆ ಗೌರವ ಬೆಳೆದಿದೆ.

ಜಿಡ್ಡು ನೇರವಾಗಿ ಕೊಳವೆಗೆ ಹೋದರೆ ಏನಾಗುತ್ತದೆ? ಬಿಸಿನೀರಿನ ಜೊತೆ ಇಳಿಯುವಾಗ ಅದು ನೀರಿನಂತೆಯೇ ಸರಾಗವಾಗಿ ಹೋಗುತ್ತದೆ. ಅದಕ್ಕೇ ತೊಳೆಯುವವನಿಗೆ ತೊಂದರೆ ಕಾಣುವುದಿಲ್ಲ. ನೆಲದಡಿ ನಾಲ್ಕು ಮಾರು ಹೋಗುವಷ್ಟರಲ್ಲಿ ನೀರು ತಣ್ಣಗಾಗುತ್ತದೆ. ತೆಂಗಿನೆಣ್ಣೆ 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವಂಥದು. ಡಾಲ್ಡಾ, ತುಪ್ಪ, ಬೆಣ್ಣೆ ಅದಕ್ಕೂ ಮೊದಲೇ ಹೆಪ್ಪುಗಟ್ಟುತ್ತವೆ. ಜನವರಿಯ ಬೆಂಗಳೂರಿನ ರಾತ್ರಿಯಲ್ಲಿ ಕೇಳುವುದೇ ಬೇಡ. ಸೂರ್ಯಕಾಂತಿ ಎಣ್ಣೆಯಂತೆ ಹೆಪ್ಪುಗಟ್ಟದ ಎಣ್ಣೆಗಳು ನಿರಪಾಯ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಚರಂಡಿಯ ಬ್ಯಾಕ್ಟೀರಿಯಾಗಳು ಎಣ್ಣೆಯನ್ನು ಒಡೆದು ಕೊಬ್ಬಿನ ಆಮ್ಲಗಳನ್ನಾಗಿ ಮಾಡುತ್ತವೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿಯೂ ಸಿಮೆಂಟ್ ಕೊಳವೆಯ ಮೈಯಲ್ಲಿಯೂ ಇರುವ ಕ್ಯಾಲ್ಸಿಯಂ ಆ ಆಮ್ಲಗಳ ಜೊತೆ ಸೇರಿ ನೀರಿನಲ್ಲಿ ಕರಗದ ಒಂದು ಬಗೆಯ ಸಾಬೂನಾಗುತ್ತದೆ. ಗಡಸು ನೀರಿನಲ್ಲಿ ಬಟ್ಟೆ ಒಗೆದಾಗ ಬಕೆಟ್ಟಿನ ಅಂಚಿಗೆ ಅಂಟುವ ಬೂದು ಗಸಿ ಇದೇ ಜಾತಿಯದು. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ, ಕೊಳವೆಗಳಲ್ಲಿ ಕಲ್ಲಿನಂತೆ ಕೂರುವ ಜಿಡ್ಡು ಬರೀ ತಣ್ಣಗಾದ ಕೊಬ್ಬಲ್ಲ, ಹೆಚ್ಚಿನಂಶ ಈ ಕ್ಯಾಲ್ಸಿಯಂ ಸಾಬೂನೇ ಎಂದು ತೋರಿಸಿದರು. ಕುದಿನೀರು ಹೊಯ್ದು ಅದನ್ನು ಕರಗಿಸಲು ಹೋಗುವವರು ಸೋಲುವುದು ಅದಕ್ಕಾಗಿಯೇ.

ಲಂಡನ್ನಿನ ವೈಟ್‌ಚಾಪೆಲ್ ಬೀದಿಯ ಅಡಿಯಲ್ಲಿ 2017ರಲ್ಲಿ ಇಂಥ ಒಂದು ಗಡ್ಡೆ ಸಿಕ್ಕಿತು. ಉದ್ದ 250 ಮೀಟರ್, ತೂಕ ಸುಮಾರು 130 ಟನ್. ಅದನ್ನು ಒಡೆದು ತೆಗೆಯಲು ವಾರಗಟ್ಟಲೆ ಹಿಡಿಯಿತು. ಅದರ ಒಂದು ತುಂಡನ್ನು ಮರುವರ್ಷ ಮ್ಯೂಸಿಯಂ ಆಫ್ ಲಂಡನ್‌ನಲ್ಲಿ ಗಾಜಿನೊಳಗಿಟ್ಟು ಪ್ರದರ್ಶಿಸಿದರು. ನಮ್ಮ ಊರುಗಳ ಸಣ್ಣ ಕೊಳವೆಗಳಲ್ಲಿ ಗಡ್ಡೆ ಅಷ್ಟು ಬೆಳೆಯುವವರೆಗೆ ಕಾಯುವುದಿಲ್ಲ, ಅದಕ್ಕೆ ಮೊದಲೇ ಚೇಂಬರ್ ಉಕ್ಕಿ ರಸ್ತೆಗೆ ಬರುತ್ತದೆ. ಬೆಂಗಳೂರಿನ ಒಳಚರಂಡಿ ಬಹುಮಟ್ಟಿಗೆ ಇಳಿಜಾರನ್ನೇ ನಂಬಿ ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಕಡೆಗೆ ಹರಿಯುವ ವ್ಯವಸ್ಥೆ. ಕಸ ತಳಕ್ಕೆ ಕೂರದೆ ಕೊಚ್ಚಿಕೊಂಡು ಹೋಗಬೇಕಾದರೆ ನೀರು ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಾದರೂ ಓಡಬೇಕು. ಕೊಳವೆಯ ಒಳಮೈಗೆ ಜಿಡ್ಡು ಮೆತ್ತಿಕೊಂಡರೆ ದಾರಿ ಕಿರಿದಾಗಿ ಆ ಲೆಕ್ಕವೇ ತಪ್ಪುತ್ತದೆ.

ಇಂಥ ಕಡೆ ಕಟ್ಟಿಕೊಂಡಾಗ ಹಿಂದೆ ಕರೆಯುತ್ತಿದ್ದುದು ಮನುಷ್ಯರನ್ನು. ಕೊಳೆತ ಜಿಡ್ಡಿನ ಅಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡಿಕೊಂಡಿರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅನಿಲ ಹೆಚ್ಚಾದರೆ ಮೂಗು ಆ ವಾಸನೆಯನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಹೇಳಿದೆ. ಈಗ ಜೆಟ್ಟಿಂಗ್ ಮಷಿನ್‌ಗಳು ಬರುತ್ತವೆ. ಆದರೂ ಸಾವಿನ ಸುದ್ದಿ ನಿಂತಿಲ್ಲ. ಹೋಟೆಲಿನ ಹಿತ್ತಲಿನ ಆ ತೊಟ್ಟಿಯನ್ನು ಬರೀ ಪ್ಲಂಬಿಂಗ್ ಸಾಮಾನು ಎಂದು ನೋಡಲು ನನಗೆ ಆಗದಿರುವುದು ಈ ಕಾರಣಕ್ಕೆ.

ಇನ್ನು ತೊಟ್ಟಿಯ ವಿದ್ಯೆಗೆ ಬರೋಣ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 915 ಗ್ರಾಂ ತೂಗುತ್ತದೆ. ಇಡೀ ವಿದ್ಯೆ ನಿಂತಿರುವುದು ಆ 85 ಗ್ರಾಂ ವ್ಯತ್ಯಾಸದ ಮೇಲೆ. ರಾತ್ರಿ ಉಳಿದ ಸಾಗುವಿನ ಮೇಲೆ ಬೆಳಗಾಗುವಷ್ಟರಲ್ಲಿ ಎಣ್ಣೆ ಕಟ್ಟಿ ನಿಲ್ಲುವಂತೆ ಇಲ್ಲಿಯೂ ಎಣ್ಣೆ ತಾನಾಗಿಯೇ ಮೇಲೇಳುತ್ತದೆ. ನಾವು ಮಾಡಬೇಕಾದ್ದು ಅದಕ್ಕೆ ಸಮಯ ಕೊಡುವುದು. ಎಷ್ಟು ಸಮಯ ಎಂಬುದನ್ನು ತೀರ್ಮಾನಿಸುವುದು ಎಣ್ಣೆಯ ಹನಿಯ ಗಾತ್ರ. ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಹನಿಯ ಅಡ್ಡಳತೆ ಅರ್ಧವಾದರೆ ಅದು ಏಳುವ ವೇಗ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. 0.15 ಮಿ.ಮೀ. ಅಡ್ಡಳತೆಯ ಹನಿ ನಿಂತ ನೀರಿನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಏಳುತ್ತದೆ, ಅಂದರೆ ಒಂದು ಮೀಟರ್ ಆಳದಿಂದ ಮೇಲೆ ಬರಲು ಅದಕ್ಕೆ 17 ನಿಮಿಷ ಬೇಕು. ಅದೇ ಹನಿ ಹತ್ತರಲ್ಲಿ ಒಂದು ಪಾಲಿಗೆ ಚೂರಾದರೆ ಆ ಒಂದು ಮೀಟರಿಗೆ ಒಂದು ಹಗಲು, ಒಂದು ರಾತ್ರಿ ಸಾಲದು.

ಈ ಒಂದು ಲೆಕ್ಕ ತಿಳಿದರೆ ತೊಟ್ಟಿಯೊಳಗಿನ ಪ್ರತಿಯೊಂದು ಅಂಗವೂ ಯಾಕೆ ಹಾಗಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ಸಿಂಕಿನಿಂದ ಬರುವ ಕೊಳವೆ ನೀರನ್ನು ಮೇಲಿನಿಂದ ಧುಮುಕಿಸುವುದಿಲ್ಲ, ಧುಮುಕಿದರೆ ಹನಿಗಳು ಒಡೆಯುತ್ತವೆ. ಕೊಳವೆಯ ಬಾಯನ್ನು ಕೆಳಕ್ಕೆ ಬಾಗಿಸಿ ನೀರಿನೊಳಗೇ ಮುಳುಗಿಸಿರುತ್ತಾರೆ. ಮುಂದೆ ಒಂದು ಅಡ್ಡಗೋಡೆ. ಅದರ ತಳದಲ್ಲಿ ಮಾತ್ರ ದಾರಿ, ಮೇಲೆ ತೇಲುವ ಜಿಡ್ಡಿಗೆ ಅಲ್ಲೇ ತಡೆ. ಹೊರಹೋಗುವ ಕೊಳವೆಗೂ ಹೀಗೇ ಕೆಳಮುಖದ ಬಾಯಿ, ಆದರೆ ತಳಕ್ಕೆ ತಾಗುವಷ್ಟು ಕೆಳಗಲ್ಲ, ತಳದಲ್ಲಿ ಬೇಳೆಯ ಗಸಿಯೂ ಅನ್ನದ ಅಗುಳೂ ಕೂತಿರುತ್ತವೆ. ತೇಲುವುದಕ್ಕೂ ಮುಳುಗಿದ್ದಕ್ಕೂ ನಡುವಿನ ತಿಳಿನೀರನ್ನಷ್ಟೇ ಅದು ಎತ್ತಿಕೊಳ್ಳಬೇಕು. ಒಳ ಬರುವ ಕೊಳವೆ ಹೊರಹೋಗುವುದಕ್ಕಿಂತ ನಾಲ್ಕೈದು ಬೆರಳು ಮೇಲಿರಬೇಕು, ಇಲ್ಲದಿದ್ದರೆ ನೀರು ಸಿಂಕಿಗೇ ಹಿಮ್ಮೆಟ್ಟುತ್ತದೆ. ತೊಟ್ಟಿ ಅಗಲಕ್ಕಿಂತ ಉದ್ದ ಹೆಚ್ಚಿರಬೇಕು. ಚೌಕವಾಗಿದ್ದರೆ ನೀರು ಒಳದಾರಿ ಹುಡುಕಿ ಬೇಗ ಪಾರಾಗುತ್ತದೆ.

ಗಾತ್ರದ ವಿಷಯದಲ್ಲಿಯೇ ಹೆಚ್ಚಿನವರು ಎಡವುವುದು. ದಿನಕ್ಕೆ ಎಷ್ಟು ನೀರು ಎಂದು ಲೆಕ್ಕ ಹಾಕಬಾರದು, ಅತಿ ಹೆಚ್ಚು ಪಾತ್ರೆ ಬೀಳುವ ಅರ್ಧ ಗಂಟೆಯಲ್ಲಿ ಎಷ್ಟು ನೀರು ಎಂದು ಲೆಕ್ಕ ಹಾಕಬೇಕು. ಮಧ್ಯಾಹ್ನದ ಊಟದ ರಶ್ಶಿನಲ್ಲಿ ನಿಮಿಷಕ್ಕೆ 30 ಲೀಟರ್ ಹರಿದರೆ, ಅರ್ಧ ಗಂಟೆ ತಡೆಯಲು 900 ಲೀಟರಿನ ತೊಟ್ಟಿ ಬೇಕು. ಒಂದೂವರೆ ಮೀಟರ್ ಉದ್ದ, 60 ಸೆಂ.ಮೀ. ಅಗಲ, ಒಂದು ಮೀಟರ್ ನೀರು. ನಗರದ ಬಾಡಿಗೆಯಲ್ಲಿ ಅಷ್ಟು ಜಾಗ ಬಿಡುವುದು ಸುಲಭವಲ್ಲ ಎಂದು ನನಗೂ ಗೊತ್ತು. ಜಾಗವಿಲ್ಲವೆಂದು ಸಿಂಕಿನ ಕೆಳಗೆ ಸಣ್ಣ ಸ್ಟೀಲ್ ಪೆಟ್ಟಿಗೆ ಇಟ್ಟುಕೊಂಡವರು ಅದನ್ನು ದಿನವೂ ತೆಗೆದು ತೊಳೆಯುವ ಮನಸ್ಸು ಮಾಡಬೇಕಾಗುತ್ತದೆ. ಇಟ್ಟು ಮರೆತರೆ ಅದು ಇದ್ದೂ ಇಲ್ಲದಂತೆ.

ನಮ್ಮ ಅಡುಗೆಗೆ ಅದರದೇ ಆದ ಸಮಸ್ಯೆಯೂ ಒಂದಿದೆ. ದೋಸೆ ಹಿಟ್ಟಿನ ಪಾತ್ರೆ ತೊಳೆದ ನೀರು, ಅನ್ನ ಬಸಿದ ಗಂಜಿ ಇವೆಲ್ಲ ತೊಟ್ಟಿಯಲ್ಲಿ ಸೇರಿ ಹುಳಿಯುತ್ತವೆ. ಆ ಹುಳಿ ಕಾಂಕ್ರೀಟನ್ನು ತಿನ್ನುತ್ತದೆ. ಇಟ್ಟಿಗೆ ಕಟ್ಟಿ ಸಿಮೆಂಟ್ ಗಿಲಾವು ಮಾಡಿದ ತೊಟ್ಟಿಯ ಗೋಡೆ ಕೆಲವು ವರ್ಷಗಳಲ್ಲಿ ಬೆರಳಿಗೆ ಮರಳಾಗಿ ಉದುರುವುದು ಹೀಗೆ. ಅನುಭವಸ್ಥ ಮೇಸ್ತ್ರಿಗಳು ಒಳಗೆ ಟೈಲ್ಸ್ ಹಾಕುತ್ತಾರೆ, ಇಲ್ಲವೇ ಫೈಬರ್ ತೊಟ್ಟಿಯನ್ನೇ ಹೂಳುತ್ತಾರೆ.

ಬಸವನಗುಡಿಯ ಒಂದು ಹೋಟೆಲಿನ ಹಿತ್ತಲಲ್ಲಿ ಅಂಥ ಒಬ್ಬ ಮೇಸ್ತ್ರಿ ತೊಟ್ಟಿ ಖಾಲಿ ಮಾಡಿಸುವುದನ್ನು ನಿಂತು ನೋಡಿದೆ. ಮುಚ್ಚಳ ತೆಗೆದ ಕೂಡಲೇ ಅವರು ಬಗ್ಗಲಿಲ್ಲ, ಎರಡು ಹೆಜ್ಜೆ ಹಿಂದೆ ಸರಿದು ಗಾಳಿಯಾಡಲು ಬಿಟ್ಟರು. ಮೇಲ್ಪದರ ಹಳದಿ ಬೆರೆತ ಬೂದು ಬಣ್ಣ, ಅಲ್ಲಲ್ಲಿ ಬಿರುಕು, ಬಿರುಕಿನಲ್ಲಿ ಒಂದೆರಡು ಕರಿಬೇವಿನೆಲೆ. ಗುರುತು ಹಾಕಿದ ಒಂದು ಕೋಲನ್ನು ನಿಧಾನವಾಗಿ ಇಳಿಸಿದರು. ಜಿಡ್ಡಿನ ಪದರ ದಾಟುವಾಗ ಕೈಗೆ ಸಿಗುವ ತಡೆ, ಆಮೇಲೆ ನೀರಿನಲ್ಲಿ ಸಲೀಸು, ತಳದ ಗಸಿ ಮುಟ್ಟಿದಾಗ ಮತ್ತೆ ಮೆತ್ತಗಿನ ತಡೆ. ಕಣ್ಣಿಗೆ ಕಾಣದ ಮೂರು ಪದರಗಳನ್ನು ಅವರು ಮಣಿಕಟ್ಟಿನಲ್ಲೇ ಓದುತ್ತಿದ್ದರು. ಮೇಲೆ 16, ಕೆಳಗೆ 10 ಸೆಂ.ಮೀ. "ಎರಡೂ ಸೇರಿ ಕಾಲುಭಾಗ ದಾಟ್ತು ಅಂದ್ರೆ ತೆಗೀಲೇಬೇಕು ಸಾರ್. ಆಮೇಲೆ ಇದು ಹಿಡಿಯಲ್ಲ, ಸುಮ್ನೆ ದಾಟಿಸಿಬಿಡುತ್ತೆ" ಎಂದರು. ನೀರಿನ ಆಳದ ಕಾಲುಭಾಗ ಎಂಬ ಈ ನಿಯಮವನ್ನು ಹೊರದೇಶದ ನಗರಗಳಲ್ಲಿಯೂ ಪಾಲಿಸುತ್ತಾರೆ. ಜಿಡ್ಡು, ಗಸಿ ಬೆಳೆದಷ್ಟೂ ನಡುವಿನ ನೀರಿನ ಜಾಗ ಕುಗ್ಗಿ, ಅರ್ಧ ಗಂಟೆ ನಿಲ್ಲಬೇಕಾದ ನೀರು ಅವಸರದಲ್ಲಿ ಹೊರಟುಹೋಗುತ್ತದೆ.

ಯಾರೂ ಒಳಗಿಳಿಯಲಿಲ್ಲ. ಸಕ್ಕಿಂಗ್ ಗಾಡಿಯ ಪೈಪು ಎಲ್ಲವನ್ನೂ ಎಳೆದುಕೊಂಡಿತು, ಉದ್ದ ಹಿಡಿಯ ಕುಂಚದಿಂದ ಗೋಡೆ ಉಜ್ಜಿದರು. ಸಹಾಯಕ ಹುಡುಗ ಮುಚ್ಚಳಕ್ಕೆ ಕೈಹಾಕಿ "ಅಣ್ಣಾ, ಮುಚ್ಚಿಬಿಡ್ಲಾ?" ಎಂದ. "ತಡಿಯೋ, ನೀರೇ ತುಂಬಿಲ್ಲ ಇನ್ನೂ!" ಅವರು ನಲ್ಲಿಗೆ ಪೈಪು ಸಿಕ್ಕಿಸಿ ತೊಟ್ಟಿ ತುಂಬುವವರೆಗೆ ಬರೀ ತಣ್ಣೀರು ಬಿಟ್ಟರು. ನಾನು ಅಲ್ಲಿ ಕಂಡ ಅತ್ಯಂತ ಸೂಕ್ಷ್ಮದ ಕೆಲಸ ಅದೇ. ತೊಟ್ಟಿ ಖಾಲಿ ಇದ್ದರೆ ಮೊದಲು ಬಂದ ಜಿಡ್ಡಿಗೆ ಅಡ್ಡಗೋಡೆಯ ತಳದ ದಾರಿ ತೆರೆದೇ ಇರುತ್ತದೆ, ಅದು ನೆಲದ ಮೇಲೆ ಹರಡಿ ಹೊರಗಿನ ಕೋಣೆಗೆ ದಾಟುತ್ತದೆ. ಚರಂಡಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು ಕೂಡ ಕೊಳವೆಯ ಬಾಯಿ ಮುಳುಗುವಷ್ಟು ನೀರೇ.

ಜಿಡ್ಡು ತಿನ್ನುವ ಪುಡಿ, ದ್ರಾವಣ ಎಂದು ಮಾರುವವರು ಬರುತ್ತಾರೆ. ಅವು ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆದರೆ ತೊಟ್ಟಿ ಚೊಕ್ಕಟವಾಗಿ ಕಾಣುತ್ತದೆ ನಿಜ, ಆದರೆ ಆ ಹನಿಗಳು ಮುಂದಿನ ಬೀದಿಯಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಸೋಪು ಹೆಚ್ಚು ಸುರಿಯುವುದು, ಕಾಸ್ಟಿಕ್ ಸೋಡಾ ಹಾಕುವುದು, ತೊಟ್ಟಿಗೆ ಮೊದಲೇ ಪಂಪು ಕೂರಿಸುವುದು ಎಲ್ಲವೂ ಇದೇ ತಪ್ಪು. ಅಪಾರ್ಟ್‌ಮೆಂಟ್, ಮಾಲ್‌ಗಳಲ್ಲಿ ಸ್ವಂತ ಶುದ್ಧೀಕರಣ ಘಟಕ ಇದ್ದರಂತೂ ನಷ್ಟ ಅವರದೇ. ನೀರು ಶುದ್ಧಮಾಡುವ ಬ್ಯಾಕ್ಟೀರಿಯಾಗಳ ಮೈಗೆ ಎಣ್ಣೆ ಮೆತ್ತಿಕೊಂಡು ಅವಕ್ಕೆ ಆಮ್ಲಜನಕವೇ ಸಿಗುವುದಿಲ್ಲ.

ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರಿನಲ್ಲಿ ಎಣ್ಣೆ, ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ಮೀರಬಾರದು. ನದಿ, ಕೆರೆಗೆ ಬಿಡುವುದಾದರೆ 10. ನಮ್ಮ 900 ಲೀಟರಿನ ತೊಟ್ಟಿಯ ಲೆಕ್ಕದಲ್ಲಿ ಅದು 18 ಗ್ರಾಂ, ಧಾರಾಳವಾಗಿ ಎಣ್ಣೆ ಬಿಟ್ಟ ಒಂದು ದೋಸೆಯ ಪಾಲಿನಷ್ಟು. ತೊಟ್ಟಿಯೊಂದನ್ನೇ ನಂಬಿದರೆ ಈ ಮಿತಿ ಮುಟ್ಟುವುದು ಕಷ್ಟ. ಆದ್ದರಿಂದ ಒಳ್ಳೆಯ ಅಡುಗೆಮನೆಯಲ್ಲಿ ಕೆಲಸ ನಲ್ಲಿ ತಿರುಗಿಸುವುದಕ್ಕೆ ಮೊದಲೇ ಶುರುವಾಗಿರುತ್ತದೆ. ಸಾಗುವಿನ ಪಾತ್ರೆ, ಪಲ್ಯದ ಬಾಣಲೆ, ತಟ್ಟೆಗಳನ್ನು ಮೊದಲು ಕೆರೆದು, ಹಳೆಯ ಪೇಪರಿನಿಂದ ಒರೆಸಿ ಹಸಿಕಸಕ್ಕೆ ಹಾಕಿದರೆ ತೊಟ್ಟಿಯ ಹೊರೆ ಎಷ್ಟೋ ಇಳಿಯುತ್ತದೆ. ಬಾಳೆಲೆ ಊಟದ ಮನೆಗಳಿಗೆ ಈ ವಿಷಯದಲ್ಲಿ ಮೊದಲಿನಿಂದಲೂ ಒಂದು ಅನುಕೂಲ, ಎಂಜಲಿನ ಜಿಡ್ಡು ಎಲೆಯ ಜೊತೆಗೇ ಹೋಗಿಬಿಡುತ್ತದೆ.

ಕರಿದು ಉಳಿದ ಎಣ್ಣೆಯ ದಾರಿಯೇ ಬೇರೆ, ಅದು ತೊಟ್ಟಿಗೆ ಒಂದು ಸೌಟೂ ಬರಕೂಡದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಕೆಡುಕಿನ ಅಂಶಗಳು ಶೇ. 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಆಹಾರ ಸುರಕ್ಷತಾ ಪ್ರಾಧಿಕಾರ ಅದೇ ವರ್ಷ ಆರಂಭಿಸಿದ ರೂಕೋ ಯೋಜನೆಯಡಿ ಇಂಥ ಎಣ್ಣೆಯನ್ನು ಕೊಂಡು ಬಯೋಡೀಸೆಲ್ ಮಾಡುವವರಿದ್ದಾರೆ. ಕ್ಯಾನಿನಲ್ಲಿ ತುಂಬಿಟ್ಟರೆ ಹಣ ಕೊಟ್ಟು ಒಯ್ಯುತ್ತಾರೆ. ತೊಟ್ಟಿಯಿಂದ ತೆಗೆದ ಜಿಡ್ಡಿಗೆ ಆ ಬೆಲೆ ಇಲ್ಲ. ನೀರು, ಗಸಿ, ಹುಳಿ ಎಲ್ಲ ಬೆರೆತ ಅದರಿಂದ ಬಯೋಡೀಸೆಲ್ ಮಾಡುವುದು ತ್ರಾಸ, ಬಯೋಗ್ಯಾಸ್ ಸ್ಥಾವರಕ್ಕಾದರೆ ಒಳ್ಳೆಯ ಆಹಾರ.

ಆ ಹೋಟೆಲಿನ ಸ್ಟೋರ್ ಬಾಗಿಲಿಗೆ ದಾರದಲ್ಲಿ ಒಂದು ನೋಟ್‌ಬುಕ್ ತೂಗುಹಾಕಿತ್ತು. ಪ್ರತಿ ಸೋಮವಾರ ಕೋಲು ಇಳಿಸಿದಾಗ ಮೇಲೆಷ್ಟು, ಕೆಳಗೆಷ್ಟು ಎಂದು ಎರಡು ಅಂಕಿ, ಪಕ್ಕದಲ್ಲಿ ಸಹಿ. ದಸರೆಯಿಂದ ದೀಪಾವಳಿಯವರೆಗೆ ಸಿಹಿತಿಂಡಿ ಕರಿಯುವ ದಿನಗಳಲ್ಲಿ ಅಂಕಿ ಬೇಗ ಏರಿದ್ದು ಪುಟ ತಿರುಗಿಸಿದರೆ ಕಾಣುತ್ತಿತ್ತು. ಯಜಮಾನರು ಅದನ್ನು ನೋಡಿ, ಮುಂದಿನ ವರ್ಷದಿಂದ ಆ ತಿಂಗಳುಗಳಲ್ಲಿ ಮೂರು ವಾರಕ್ಕೊಮ್ಮೆ ಬರುವ ಗಾಡಿಯನ್ನು ಎರಡು ವಾರಕ್ಕೊಮ್ಮೆ ಕರೆಸುವುದೆಂದು ಅಂಚಿನಲ್ಲಿ ಬರೆದಿಟ್ಟಿದ್ದರು.