‘ಊರಿಗೆ ಹೋಗಬೇಕು’ ಎನ್ನುವವರ ನೆರೆಹೊರೆ

ಅರವತ್ತಕ್ಕೆ ಅರಳುಮರಳು ಎಂಬ ಮಾತು ಕನ್ನಡದಲ್ಲಿ ಎಷ್ಟು ಬಳಕೆಯಾಗಿದೆಯೆಂದರೆ, ವಯಸ್ಸಾದವರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೂ, ತಾವೇ ಇಟ್ಟ ವಸ್ತು ಕಾಣದೆ ಮನೆಯವರ ಮೇಲೆ ಸಂಶಯಪಟ್ಟರೂ, ದಿನವೂ ನಡೆದ ದಾರಿಯಲ್ಲಿ ತಬ್ಬಿಬ್ಬಾಗಿ ನಿಂತರೂ ಆ ಒಂದು ಮಾತು ಎಲ್ಲಕ್ಕೂ ವಿವರಣೆಯಾಗಿ ಒದಗುತ್ತದೆ. ದ. ರಾ. ಬೇಂದ್ರೆಯವರಿಗೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಸಂಕಲನದ ಹೆಸರೂ ‘ಅರಳು ಮರಳು’. ಮತ್ತೆ ಅರಳುವುದು ಎಂಬ ಅರ್ಥಕ್ಕೂ ಆ ಪದಜೋಡಿಯಲ್ಲಿ ಎಡೆಯಿದೆ. ಮನೆಮಾತಿನಲ್ಲಿ ಮಾತ್ರ ಅದು ವಯಸ್ಸಿನ ಸಹಜ ಧರ್ಮ, ಮಾಡುವುದೇನೂ ಇಲ್ಲ ಎಂಬ ತೀರ್ಪಾಗಿ ನಿಂತುಬಿಟ್ಟಿದ್ದು, ವೈದ್ಯರನ್ನು ಕಾಣಬೇಕಾದ ಮೊದಲ ವರ್ಷಗಳನ್ನು ಹಲವು ಕುಟುಂಬಗಳಿಂದ ಕಸಿದುಕೊಂಡಿದೆ.

ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಸ್ಥಿತಿ ವಯಸ್ಸಿನ ಮರೆವಲ್ಲ. ಮಿದುಳಿನ ಜೀವಕೋಶಗಳು ಹಾನಿಗೊಳ್ಳುತ್ತ ನೆನಪು, ಮಾತು, ಲೆಕ್ಕಾಚಾರ, ದಿಕ್ಕಿನ ಅರಿವು, ನಡವಳಿಕೆ ಇವು ದಿನನಿತ್ಯದ ಬದುಕು ಕೆಡುವಷ್ಟರ ಮಟ್ಟಿಗೆ ಕುಂದುವುದನ್ನು ಒಟ್ಟಾಗಿ ಹೇಳುವ ಹೆಸರು ಅದು. ಇದಕ್ಕೆ ಕಾರಣವಾಗುವ ರೋಗಗಳಲ್ಲಿ 1906ರಲ್ಲಿ ಜರ್ಮನಿಯ ಅಲೋಯಿಸ್ ಆಲ್ಝೈಮರ್ ಮೊದಲು ವಿವರಿಸಿದ ರೋಗದ ಪಾಲೇ ದೊಡ್ಡದು. ಮಿದುಳಿನ ರಕ್ತನಾಳಗಳು ಕಟ್ಟಿಕೊಂಡು ಬರುವ ಬಗೆ ಅದರ ನಂತರದ್ದು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಒಳಗೆ ಹೆಪ್ಪುಗಟ್ಟಿದ ರಕ್ತ ಮುಂತಾದ ಕಾರಣಗಳಿಂದಲೂ ಇದೇ ಲಕ್ಷಣಗಳು ಕಾಣಿಸಿಕೊಳ್ಳಬಹುದು, ಮತ್ತು ಅವುಗಳಿಗೆ ಚಿಕಿತ್ಸೆಯಿದೆ. ಆದ್ದರಿಂದ ಮೊದಲ ತಪಾಸಣೆಯನ್ನು ತಪ್ಪಿಸಕೂಡದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಷಿಯಾದೊಡನೆ ಬದುಕುತ್ತಿದ್ದಾರೆಂದು ಅಂದಾಜಿಸಿದ್ದು, 2036ರ ಹೊತ್ತಿಗೆ ಈ ಸಂಖ್ಯೆ 1.69 ಕೋಟಿಗೆ ಏರಬಹುದೆಂದು ಹೇಳಿದೆ.

ಆಲ್ಝೈಮರ್ ರೋಗವನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ಇರುವ ಔಷಧಗಳು ಕೆಲವರಲ್ಲಿ ಕೆಲವು ಕಾಲ ಲಕ್ಷಣಗಳನ್ನು ಹಿಡಿದಿಡುತ್ತವೆ. ಹಾಗಿದ್ದೂ ಒಂದೇ ಹಂತದ ರೋಗವಿರುವ ಇಬ್ಬರಲ್ಲಿ ಒಬ್ಬರು ನೆಮ್ಮದಿಯಾಗಿಯೂ ಇನ್ನೊಬ್ಬರು ಸದಾ ದಿಗಿಲಿನಲ್ಲಿಯೂ ಇರುವುದುಂಟು. ಬ್ರಿಟನ್ನಿನ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವ್ಯತ್ಯಾಸದ ಬಹುಪಾಲನ್ನು ಸುತ್ತಲಿನವರ ನಡತೆಯಲ್ಲಿ ಗುರುತಿಸಿದರು: ಎದುರಿಗಿರುವಾಗಲೇ ಇಲ್ಲದವರಂತೆ ಅವರ ಬಗ್ಗೆ ಮಾತಾಡುವುದು, ಮಗುವಿನಂತೆ ಗದರುವುದು, ಅವಸರಪಡಿಸುವುದು, ಕೈಯಲ್ಲಿದ್ದ ಕೆಲಸವನ್ನು ಕಿತ್ತುಕೊಳ್ಳುವುದು ಇವೆಲ್ಲ ರೋಗದಷ್ಟೇ ಹಾನಿ ಮಾಡುತ್ತವೆಂಬುದು ಅವರ ವಾದ. ರೋಗಿಯನ್ನು ಅರಿತು ನಡೆದುಕೊಳ್ಳುವ ನೆರೆಹೊರೆ, ಎಂದರೆ ಡಿಮೆನ್ಷಿಯಾ ಸ್ನೇಹಿ ಸಮುದಾಯ, ಎಂಬ ಇಂದಿನ ಕಲ್ಪನೆ ಈ ತಿಳಿವಳಿಕೆಗೆ ಬಹಳಮಟ್ಟಿಗೆ ಋಣಿಯಾಗಿದೆ.

ಮುಂಬಯಿ ಸುತ್ತಲಿನ ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಯ ಕನ್ನಡಿಗರ ನಡುವೆ ಡಿಮೆನ್ಷಿಯಾದ ಪ್ರಶ್ನೆಗೆ ತನ್ನದೇ ಆದ ಮುಖವಿದೆ. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರ ಸಂಖ್ಯೆ ಸುಮಾರು 10 ಲಕ್ಷ. ಕನ್ನಡದ ಬಳಗದಲ್ಲಿಯೇ ಬೆರೆತ ತುಳು ಮಾತಿನವರು ಅದಕ್ಕೆ ಹೊರತು. ಕರಾವಳಿಯಿಂದ ಹುಡುಗರಾಗಿಯೇ ಬಂದು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿದವರು, ಉತ್ತರ ಕರ್ನಾಟಕದಿಂದ ಗಿರಣಿ, ಕಾರ್ಖಾನೆ, ಕಟ್ಟಡದ ಕೆಲಸಗಳಿಗೆ ಬಂದವರು, ಬ್ಯಾಂಕು ಮತ್ತು ಸರಕಾರಿ ಕಚೇರಿಗಳ ಗುಮಾಸ್ತರು ಮೊದಲು ಮುಂಬಯಿಯ ಒಳಭಾಗದಲ್ಲಿದ್ದು, ಮನೆಯ ಬೆಲೆ ಕೈಗೆಟುಕುವ ಕಡೆಗೆ ಸರಿಯುತ್ತ ರೈಲು ಹಳಿಯ ಗುಂಟ ಈ ಪಟ್ಟಣಗಳಲ್ಲಿ ನೆಲೆಗೊಂಡರು. ಆ ಪೀಳಿಗೆಗೆ ಈಗ ಎಪ್ಪತ್ತು, ಎಂಬತ್ತು. ಅವರ ಮಕ್ಕಳ ನಿತ್ಯದ ಮಾತು ಮರಾಠಿ ಮತ್ತು ಹಿಂದಿ. ಮೊಮ್ಮಕ್ಕಳದು ಹಿಂದಿ ಮತ್ತು ಇಂಗ್ಲಿಷ್.

ಭಾಷೆಯ ಈ ಸಂಗತಿ ಡಿಮೆನ್ಷಿಯಾದ ಮಟ್ಟಿಗೆ ಎರಡಲಗಿನದು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಿಗೆ ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ರೋಗ ಕಾಣಿಸಿಕೊಂಡಿತ್ತು, ಮತ್ತು ಶಾಲೆಯ ಮುಖ ಕಾಣದವರಲ್ಲಿಯೂ ಈ ಅಂತರ ಇತ್ತು. ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಲಾಭ ಇನ್ನೂ ಹೆಚ್ಚುವುದೆಂದೇನೂ ಕಂಡುಬರಲಿಲ್ಲ. ತುಳು, ಕನ್ನಡ, ಮರಾಠಿ, ಹಿಂದಿಗಳ ನಡುವೆ ಆಯುಷ್ಯವಿಡೀ ಓಡಾಡಿದ ಮುಂಬಯಿ ಕನ್ನಡಿಗರಿಗೆ ಇದು ಸಮಾಧಾನದ ಸುದ್ದಿಯೇ. ಆದರೆ ರೋಗ ಬಂದು ಬಲಿತ ಮೇಲೆ ತಡವಾಗಿ ಕಲಿತ ಭಾಷೆಗಳು ಹಲವರಲ್ಲಿ ಮೊದಲು ಹಿಂದೆ ಸರಿಯುತ್ತವೆ. ಐವತ್ತು ವರ್ಷ ಮರಾಠಿಯಲ್ಲಿ ವ್ಯವಹರಿಸಿದವರು ಒಂದು ದಿನ ತುಳುವಿನಲ್ಲಿ ನೀರು ಕೇಳುತ್ತಾರೆ. ಮನೆಯ ಆರೈಕೆಗೆ ಗೊತ್ತುಮಾಡಿದ ಮರಾಠಿ ಮಾತಿನ ಕೆಲಸದಾಕೆಗೆ ಅದು ತಿಳಿಯುವುದಿಲ್ಲ. ಆಕೆಗೆ ತಿಳಿಯದ್ದಕ್ಕೆ ಹಿರಿಯರು ಸಿಟ್ಟಾಗುತ್ತಾರೆ, ಆ ಸಿಟ್ಟನ್ನು ರೋಗದ ಲಕ್ಷಣವೆಂದು ಬರೆದುಕೊಳ್ಳಲಾಗುತ್ತದೆ. ನೀರು, ಹಸಿವು, ನೋವು, ಬಚ್ಚಲು ಮುಂತಾದವಕ್ಕೆ ಹಿರಿಯರು ಆಡುವ ಇಪ್ಪತ್ತು ಮೂವತ್ತು ಪದಗಳನ್ನು ದೇವನಾಗರಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುವುದು ಖರ್ಚಿಲ್ಲದ ಕೆಲಸ, ಮತ್ತು ಎಷ್ಟೋ ಸಂಜೆಗಳ ಜಗಳವನ್ನು ತಪ್ಪಿಸಬಲ್ಲ ಕೆಲಸ.

ಇಂಥ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಇನ್ನೊಂದು ಮಾತು ‘ಊರಿಗೆ ಹೋಗಬೇಕು’ ಎಂಬುದು. ಸ್ವಂತ ಮನೆಯಲ್ಲಿ ಕುಳಿತೇ ಮನೆಗೆ ಹೋಗಬೇಕೆಂದು ಹಠ ಹಿಡಿಯುವುದು ಲೋಕದ ಎಲ್ಲ ಕಡೆಯ ಡಿಮೆನ್ಷಿಯಾ ರೋಗಿಗಳಲ್ಲಿ ಕಾಣುವಂಥದು; ಬೆಳಕು ಇಳಿಯುವ ಹೊತ್ತಿಗೆ ತಳಮಳ ಏರುವುದೂ ಸಾಮಾನ್ಯ. ವಲಸೆ ಬಂದವರಲ್ಲಿ ಆ ಮನೆಗೆ ನಿಜವಾದ ಊರಿನ ಹೆಸರು, ಬಾವಿಕಟ್ಟೆ, ತಾಯಿ, ದನದ ಕೊಟ್ಟಿಗೆ ಎಲ್ಲವೂ ಇರುತ್ತವೆ. ತಾಯಿ ತೀರಿ ಎಷ್ಟು ಕಾಲವಾಯಿತೆಂದು ಅವರಿಗೆ ತಿಳಿಹೇಳಲು ಹೋದರೆ, ಆ ಸಾವಿನ ಸುದ್ದಿಯನ್ನು ಅವರು ಪ್ರತಿಸಲವೂ ಮೊದಲ ಬಾರಿಗೆ ಕೇಳಿದಂತೆ ನೋಯುತ್ತಾರೆ. ಅದಕ್ಕೆ ಬದಲಾಗಿ ಊರಿನಲ್ಲಿ ಈಗ ಯಾವ ಬೆಳೆ, ಬಾವಿಯಲ್ಲಿ ನೀರೆಷ್ಟು, ಹಬ್ಬಕ್ಕೆ ಯಾರು ಯಾರು ಬರುತ್ತಿದ್ದರು ಎಂದು ಕೇಳುತ್ತ ಮಾತಿನಲ್ಲಿ ಅವರೊಡನೆ ಅಷ್ಟು ದೂರ ನಡೆದರೆ ತಳಮಳ ಇಳಿಯುವುದುಂಟು. ಊರಿಗೇ ಕರೆದೊಯ್ದು ಬಿಟ್ಟರೆ ಸರಿಹೋದಾರೆಂದು ಕರಾವಳಿಗೆ ಹೋಗುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿಸುವ ಕುಟುಂಬಗಳೂ ಇವೆ. ಹಿರಿಯರು ಹುಡುಕುವ ಊರು ಐವತ್ತು ವರ್ಷಗಳ ಹಿಂದಿನದಾದುದರಿಂದ, ಅಲ್ಲಿ ಬದಲಾದ ಮನೆಯನ್ನೂ ಕಾಣದ ಮುಖಗಳನ್ನೂ ಕಂಡು ಗೊಂದಲ ಹೆಚ್ಚುವ ಸಂಭವವೇ ಅಧಿಕ.

ಮನೆ ಬದಲಾಗುವ ಸಂಕಟ ಡೊಂಬಿವಲಿ, ಥಾಣೆಗಳಲ್ಲಿ ಇನ್ನೊಂದು ರೂಪದಲ್ಲಿಯೂ ಬರುತ್ತಿದೆ. ಹಳೆಯ ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟುವ ರೀಡೆವಲಪ್‌ಮೆಂಟ್ ಶುರುವಾದಾಗ ಕುಟುಂಬಗಳು ಎರಡು ಮೂರು ವರ್ಷ ಬಾಡಿಗೆ ಮನೆಗೆ ಹೋಗಬೇಕಾಗುತ್ತದೆ. ಅಲ್ಲಿಯವರೆಗೆ ಕತ್ತಲಲ್ಲಿಯೂ ಬಚ್ಚಲಿಗೆ ನಡೆದುಹೋಗುತ್ತಿದ್ದ ಹಿರಿಯರು ಹೊಸ ಮನೆಯಲ್ಲಿ ಒಮ್ಮೆಗೇ ಕೈಲಾಗದವರಾಗುತ್ತಾರೆ. ನೆನಪು ಕುಂದಿದವರಿಗೆ ಮನೆಯೇ ನೆನಪಿನ ಕೆಲಸ ಮಾಡುತ್ತಿರುತ್ತದೆ: ಕೈ ತಾನಾಗಿ ದೀಪದ ಗುಂಡಿಯನ್ನು, ಕಾಲು ತಾನಾಗಿ ಹೊಸ್ತಿಲನ್ನು ಬಲ್ಲದು. ಸ್ಥಳಾಂತರ ಅನಿವಾರ್ಯವಾದರೆ ಮಂಚ, ದೇವರ ಪಟ, ಗಡಿಯಾರಗಳನ್ನು ಹಿಂದಿನ ಕ್ರಮದಲ್ಲಿಯೇ ಇಡುವುದು, ಆದಷ್ಟು ಅದೇ ಗಲ್ಲಿಯಲ್ಲಿ ಬಾಡಿಗೆ ಮನೆ ಹುಡುಕುವುದು ಅಗತ್ಯ. ಸರಕಾರಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೋ ಯೋಜಿಸಿ ಕಟ್ಟಿದ ನವಿಮುಂಬಯಿಯಲ್ಲಿ ತೊಡಕು ಬೇರೆ ಬಗೆಯದು. ಒಂದರಂತೆಯೇ ಇನ್ನೊಂದು ಕಟ್ಟಡ, ಹೆಸರಿನ ಬದಲು ಸೆಕ್ಟರಿನ ಅಂಕಿ. ಅಂಕಿ ಮರೆಯುವವರಿಗೆ ಮನೆ ಗುರುತಿಸಲು ಬಾಗಿಲಿಗೆ ಗಾಢ ಬಣ್ಣವೋ, ಜಗಲಿಯ ತುಳಸಿಯೋ, ಅಂಥದೊಂದು ಗುರುತು ಬೇಕಾಗುತ್ತದೆ.

ಮನೆಯಿಂದ ಹೊರಟವರು ದಾರಿ ತಪ್ಪುವ ಭಯ ಎಲ್ಲ ಕುಟುಂಬಗಳಿಗೂ ಇದೆ. ಆ ಭಯ ಎಷ್ಟು ವ್ಯಾಪಕವೆಂಬುದಕ್ಕೆ ಚಲನಚಿತ್ರಗಳೂ ಸಾಕ್ಷಿ: ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಅನಂತ ನಾಗ್ ಅಭಿನಯಿಸಿದ ವೆಂಕೋಬ ರಾವ್ ಕಳೆದುಹೋಗುತ್ತಾರೆ, ಸುಮಿತ್ರಾ ಭಾವೆ ಮತ್ತು ಸುನಿಲ್ ಸುಕ್‌ಥನಕರ್ ಅವರ ಮರಾಠಿ ಚಿತ್ರ ‘ಅಸ್ತು’ವಿನಲ್ಲಿ ಮೋಹನ್ ಆಗಾಶೆ ಅಭಿನಯಿಸಿದ ಸಂಸ್ಕೃತ ವಿದ್ವಾಂಸರು ಬೀದಿಯಲ್ಲಿ ಕಂಡ ಆನೆಯ ಹಿಂದೆ ಹೊರಟುಬಿಡುತ್ತಾರೆ. ಅವರನ್ನು ಪ್ರಶ್ನೆ ಕೇಳದೆ ಉಣಿಸಿ ಮಲಗಿಸುವವಳು ಮಾವುತನ ಹೆಂಡತಿ, ಕನ್ನಡ ಮಾತಿನ ಚನ್ನಮ್ಮ. ಆ ಪಾತ್ರಕ್ಕಾಗಿ ಅಮೃತಾ ಸುಭಾಷ್ ರಾಷ್ಟ್ರಪ್ರಶಸ್ತಿ ಪಡೆದರು. ನಿಜಬದುಕಿನಲ್ಲಿ, ಕಲ್ಯಾಣದಂಥ ಜಂಕ್ಷನ್ನಿನಲ್ಲಿ, ಹಳಿ ಒಂದೆಡೆ ಕಸಾರಾಕ್ಕೂ ಇನ್ನೊಂದೆಡೆ ಕರ್ಜತ್‌ಗೂ ಕವಲೊಡೆಯುವ ಕಡೆ, ತಪ್ಪು ಲೋಕಲ್ ಹತ್ತಿದವರು ಸುಮಾರು ಒಂದು ಗಂಟೆಯಲ್ಲಿ ಬೆಟ್ಟದ ಬುಡದ ನಿಲ್ದಾಣದಲ್ಲಿರುತ್ತಾರೆ. ಅಂಗಿಯ ಒಳಜೇಬಿನಲ್ಲಿ ಹೆಸರು ಮತ್ತು ದೂರವಾಣಿ ಸಂಖ್ಯೆಯ ಚೀಟಿ, ಕೈಬಳೆ, ಈಚೆಗೆ ಬಳಕೆಗೆ ಬಂದಿರುವ ಕ್ಯೂಆರ್ ಕೋಡಿನ ಪದಕ ಇವು ನೆರವಾಗುತ್ತವೆ. ಅವಕ್ಕಿಂತ ಮಿಗಿಲಾದದ್ದು ಕಟ್ಟಡದ ವಾಚ್‌ಮನ್, ರಿಕ್ಷಾ ಸ್ಟ್ಯಾಂಡಿನ ಚಾಲಕರು, ಪೇಪರ್ ಸ್ಟಾಲಿನವನು, ಹೋಟೆಲಿನ ಗಲ್ಲಾದಲ್ಲಿ ಕುಳಿತವರು ಇವರಿಗೆಲ್ಲ ಮೊದಲೇ ವಿಷಯ ತಿಳಿಸಿರುವುದು. ಕಾಯಿಲೆಯನ್ನು ಮುಚ್ಚಿಟ್ಟ ಮನೆಯ ಹಿರಿಯರನ್ನು ತಡೆದು ನಿಲ್ಲಿಸಲು ಯಾರಿಗೂ ಕಾರಣ ಸಿಗುವುದಿಲ್ಲ.

ಆರೈಕೆಯ ಹೊರೆ ಹೊತ್ತವರು ಬಹುತೇಕ ಹೆಂಗಸರು: ಹೆಂಡತಿ, ಸೊಸೆ, ಮಗಳು. ಬೆಳಿಗ್ಗೆ ಲೋಕಲ್ ಹಿಡಿದು ಹೋದ ಮಗ ರಾತ್ರಿಯೇ ಮರಳುವ ಊರಿನಲ್ಲಿ ಹಗಲಿನ ಹನ್ನೆರಡು ಗಂಟೆ ಅವರದೇ. ಗೋವೆಯಲ್ಲಿ 81 ಕುಟುಂಬಗಳ ನಡುವೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು. ಅಲ್ಲಿ ವೈದ್ಯರಲ್ಲದ, ಸ್ಥಳೀಯರೇ ಆದ ಕಾರ್ಯಕರ್ತೆಯರು ಅಲ್ಪಕಾಲದ ತರಬೇತಿ ಪಡೆದು ಮನೆಮನೆಗೆ ಹೋಗಿ, ರೋಗವೆಂದರೇನೆಂದು ವಿವರಿಸಿ, ಸ್ನಾನ, ಊಟ, ಹಠಗಳನ್ನು ನಿಭಾಯಿಸುವ ಬಗೆಯನ್ನು ಹೇಳಿಕೊಟ್ಟಾಗ ಆರೈಕೆದಾರರ ಮಾನಸಿಕ ಬಳಲಿಕೆ ಗಣನೀಯವಾಗಿ ಇಳಿಯಿತು. ದುಬಾರಿ ಆಸ್ಪತ್ರೆಯಿಲ್ಲದೆಯೂ ಇಂಥ ನೆರವು ಸಾಧ್ಯವೆಂಬುದನ್ನು ಅದು ತೋರಿಸಿತು.

ಮುಂಬಯಿ ಸುತ್ತಿನ ಈ ಭಾಗದಲ್ಲಿ ನೆರವಿನ ಸಂಸ್ಥೆಗಳಿಲ್ಲವೆಂದಲ್ಲ. 2008ರಲ್ಲಿ ಶೈಲೇಶ್ ಮಿಶ್ರಾ ಆರಂಭಿಸಿದ ಸಿಲ್ವರ್ ಇನ್ನಿಂಗ್ಸ್ ನಾಲಾಸೋಪಾರಾದ ರಾಜೋಡಿಯಲ್ಲಿ ಡಿಮೆನ್ಷಿಯಾ ಇರುವವರಿಗಾಗಿ ‘ಸ್ನೇಹಾಂಜಲಿ’ ಎಂಬ ವಸತಿಯನ್ನು ಕಟ್ಟಿತು. ಶೈಲು ಶ್ರೀನಿವಾಸನ್ ಅವರು 1995ರಲ್ಲಿ ಸ್ಥಾಪಿಸಿದ ಡಿಗ್ನಿಟಿ ಫೌಂಡೇಶನ್ನಿನ ಹಿರಿಯರ ಬಡಾವಣೆ ಕರ್ಜತ್ ಹಳಿಯ ನೇರಳ್‌ನಲ್ಲಿದೆ. ಥಾಣೆಯಲ್ಲಿ ಮನೋವೈದ್ಯ ಆನಂದ ನಾಡಕರ್ಣಿ 1990ರಲ್ಲಿ ತೊಡಗಿಸಿದ ಮಾನಸಿಕ ಆರೋಗ್ಯ ಸಂಸ್ಥೆ ಐಪಿಎಚ್ ಇದೆ. ಕನ್ನಡ ಕರಾವಳಿಯ ಬ್ರಾಹ್ಮಣ ಸಮುದಾಯದ ಬಿ.ಎಸ್.ಕೆ.ಬಿ. ಅಸೋಸಿಯೇಶನ್ ನೆರೂಲ್‌ನಲ್ಲಿ ‘ಆಶ್ರಯ’ ಎಂಬ ಹಿರಿಯರ ವಸತಿಯನ್ನು ನಡೆಸುತ್ತಿದೆ. ಕೊರತೆ ಇರುವುದು ಮನೆಗೂ ವಸತಿಗೂ ನಡುವಣ ಜಾಗದಲ್ಲಿ: ಬೆಳಿಗ್ಗೆ ಬಿಟ್ಟು ಸಂಜೆ ಕರೆತರಬಹುದಾದ, ಹತ್ತು ನಿಮಿಷ ನಡೆದು ತಲುಪಬಹುದಾದ ಹಗಲು ಕೇಂದ್ರಗಳು ತೀರಾ ಕಡಿಮೆ. ನವಿಮುಂಬಯಿ ಮಹಾನಗರಪಾಲಿಕೆಯ ವಿರಂಗುಳಾ ಕೇಂದ್ರಗಳು, ಎಂದರೆ ಹಿರಿಯರು ಕೂಡಿ ಪತ್ರಿಕೆ ಓದುವ, ಕೇರಂ ಆಡುವ ಕೊಠಡಿಗಳು, ಅದಕ್ಕೆ ಹತ್ತಿರದವು. ಆದರೆ ಆಟದ ಲೆಕ್ಕ ತಪ್ಪತೊಡಗಿದವರು ನಾಚಿ ಅಲ್ಲಿಗೆ ಬರುವುದನ್ನೇ ಬಿಡುತ್ತಾರೆ.

ಹಾಗೆ ಬಿಟ್ಟುಹೋದವರನ್ನು ಮರಳಿ ಕರೆತರುವ ಶಕ್ತಿ ಭಾಷೆಯ ಸಂಘಗಳಿಗಿದೆ. ಮಂಜುನಾಥ ವಿದ್ಯಾಲಯವನ್ನು ನಡೆಸುವ ಡೊಂಬಿವಲಿಯ ಕರ್ನಾಟಕ ಸಂಘ, ಥಾಣೆಯ ನವೋದಯ ಕನ್ನಡ ಸೇವಾ ಸಂಘ ಹಾಗೂ ಕಲ್ಯಾಣ, ನವಿಮುಂಬಯಿಗಳಲ್ಲಿನ ಕನ್ನಡ, ತುಳು ಸಂಘಟನೆಗಳು, ಭಜನಾ ಮಂಡಳಿಗಳು, ಯಕ್ಷಗಾನ ಕಲಾ ಬಳಗಗಳು ಹಿರಿಯರನ್ನು ಹೆಸರು ಹಿಡಿದು ಬಲ್ಲವು. ಅವಕ್ಕೆ ಜಪಾನಿನಲ್ಲಿ ಒಂದು ಮಾದರಿಯಿದೆ. ಆ ದೇಶ 2004ರಲ್ಲಿ ಡಿಮೆನ್ಷಿಯಾಕ್ಕಿದ್ದ ‘ಚಿಹೋ’ ಎಂಬ ಹೀನಾರ್ಥದ ಹೆಸರನ್ನು ಬಿಟ್ಟು, ಅರಿವಿನ ಕಾಯಿಲೆ ಎಂಬರ್ಥದ ‘ನಿಂಚಿಶೋ’ ಎಂಬ ಹೊಸ ಪದವನ್ನು ತಂದಿತು. ಮರುವರ್ಷವೇ ಅಂಗಡಿಯವರು, ಬ್ಯಾಂಕ್ ನೌಕರರು, ಶಾಲಾಮಕ್ಕಳಿಗೆ ಸುಮಾರು ಒಂದೂವರೆ ಗಂಟೆಯ ಪಾಠದಲ್ಲಿ ರೋಗದ ಪರಿಚಯ ಮಾಡಿಕೊಡುವ ಕಾರ್ಯಕ್ರಮ ತೊಡಗಿತು. ಅಷ್ಟು ಅವಧಿಯ ಪಾಠವನ್ನು ಅರಸಿನ ಕುಂಕುಮ, ತುಳುವರ ಆಟಿಡೊಂಜಿ ದಿನ, ವಾರ್ಷಿಕೋತ್ಸವಗಳ ಕಲಾಪದಲ್ಲಿ ಸೇರಿಸುವುದು ಕಷ್ಟವಲ್ಲ. ಸೆಪ್ಟೆಂಬರ್ 21ರ ವಿಶ್ವ ಆಲ್ಝೈಮರ್ ದಿನದವರೆಗೆ ಕಾಯಬೇಕಾಗಿಯೂ ಇಲ್ಲ.

ಮಾತು ಕುಂದಿದ ಮೇಲೆಯೂ ಹಾಡು ಬಹುಕಾಲ ಉಳಿಯುತ್ತದೆಂಬುದು ವೈದ್ಯಲೋಕ ಚೆನ್ನಾಗಿ ಬಲ್ಲ ಸಂಗತಿ. ಮಗನ ಹೆಸರು ನೆನಪಾಗದವರು ದಾಸರ ಪದವನ್ನು ಪಲ್ಲವಿಯಿಂದ ಅಂಕಿತದವರೆಗೆ ಹಾಡಬಲ್ಲರು, ಕೈಗೆ ತಾಳ ಕೊಟ್ಟರೆ ಲಯ ತಪ್ಪದೆ ಕುಟ್ಟಬಲ್ಲರು. ಶನಿವಾರದ ಭಜನೆಯಲ್ಲಿ ಅಂಥವರಿಗೆ ಹಿಂದಿನ ಜಾಗವನ್ನೇ ಉಳಿಸಿ, ಪಕ್ಕದಲ್ಲಿ ತುಳುವೋ ಕನ್ನಡವೋ ಬಲ್ಲ ಒಬ್ಬರು ಕುಳಿತು, ಮಂಗಳಾರತಿಯ ನಂತರ ಅವರನ್ನು ಮನೆಯ ಬಾಗಿಲವರೆಗೆ ತಲುಪಿಸುವ ಹೊಣೆಯನ್ನು ಮಂಡಳಿ ವಹಿಸಿಕೊಂಡರೆ, ಮನೆಯಲ್ಲಿರುವ ಹೆಂಡತಿಗೋ ಸೊಸೆಗೋ ವಾರದಲ್ಲಿ ಎರಡು ಗಂಟೆ ಬಾಗಿಲ ಮೇಲೆ ಕಣ್ಣಿಡದೆ ನಿದ್ರಿಸಲು ಸಿಗುತ್ತದೆ.