ಪಕ್ಷಾಘಾತದಲ್ಲಿ ಸಾಧ್ಯಾಸಾಧ್ಯವಿಚಾರ

ಲೋಕವ್ಯವಹಾರದಲ್ಲಿ ಪಾರ್ಶ್ವವಾಯುವೆಂದೂ ಲಕ್ವವೆಂದೂ ಕರೆಯಲ್ಪಡುವ ರೋಗಕ್ಕೆ ವೈದ್ಯಗ್ರಂಥಗಳಲ್ಲಿ ಪಕ್ಷಾಘಾತ, ಪಕ್ಷವಧ ಎಂಬ ಹೆಸರುಗಳಿವೆ. ‘ಪಕ್ಷ’ವೆಂದರೆ ಇಲ್ಲಿ ಶರೀರದ ಒಂದು ಮಗ್ಗುಲು. ಈ ರೋಗ ಬಡಿದ ಮನೆ ನಮ್ಮ ಬೋಳಾರದ್ದಾಗಲಿ ಬೇರೆ ಊರಿನದಾಗಲಿ, ಆಸ್ಪತ್ರೆಯಲ್ಲಿ ಪ್ರಾಣಭಯ ಕಳೆದ ಮೇಲೆ ಏಳುವ ಪ್ರಶ್ನೆ ಒಂದೇ: ಬಿದ್ದುಹೋದ ಕೈಕಾಲು ಮರಳಿ ಸ್ವಾಧೀನಕ್ಕೆ ಬರುವುದೇ? ಇದಕ್ಕೆ ಪ್ರಾಚೀನರೂ ಆಧುನಿಕರೂ ಕೊಟ್ಟಿರುವ ಉತ್ತರಗಳೇನು, ‘ಅಸಾಧ್ಯ’ವೆಂಬ ಶಬ್ದಕ್ಕೆ ಅವುಗಳಲ್ಲಿ ಎಷ್ಟು ಬಲವಿದೆ ಎಂಬುದನ್ನು ಪ್ರಕೃತ ವಿಚಾರಿಸೋಣ.

ಕನ್ನಡದ ಮಾತಿನಲ್ಲಿ ‘ಅಸಾಧ್ಯ’ವೆಂದರೆ ಎಂದಿಗೂ ಆಗದ್ದು. ವೈದ್ಯಶಾಸ್ತ್ರದಲ್ಲಾದರೋ ಅದು ಪಾರಿಭಾಷಿಕ ಶಬ್ದ. ಚರಕಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯವು ಸಾಧ್ಯವನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ ಎಂದೂ, ಅಸಾಧ್ಯವನ್ನು ಯಾಪ್ಯ, ಅನುಪಕ್ರಮ ಎಂದೂ ವಿಭಾಗಿಸುತ್ತದೆ. ಯಾಪ್ಯವೆಂದರೆ ಪೂರ್ಣವಾಗಿ ಗುಣವಾಗದಿದ್ದರೂ ಚಿಕಿತ್ಸೆ ಪಥ್ಯಗಳ ಆಸರೆಯಿಂದ ಸಾಗಿಸಿಕೊಂಡು ಹೋಗಬಹುದಾದದ್ದು. ಆದುದರಿಂದ ಶಾಸ್ತ್ರದ ಅಸಾಧ್ಯದೊಳಗೂ ವೈದ್ಯನ ಕೆಲಸಕ್ಕೆ ಎಡೆಯುಂಟು.

ಪಕ್ಷಾಘಾತದ ವಿಷಯದಲ್ಲಿ ಸುಶ್ರುತಸಂಹಿತೆಯ ನಿದಾನಸ್ಥಾನವು ಮೂರು ಬಗೆಗಳನ್ನು ಹೇಳುತ್ತದೆ: ಕೇವಲ ವಾತದಿಂದಾದದ್ದು ಅತ್ಯಂತ ಕೃಚ್ಛ್ರಸಾಧ್ಯ, ಅನ್ಯದೋಷದೊಡನೆ ಕೂಡಿದ್ದು ಸಾಧ್ಯ, ಧಾತುಕ್ಷಯದಿಂದಾದದ್ದು ಅಸಾಧ್ಯ. ಅದೇ ಗ್ರಂಥದ ಚಿಕಿತ್ಸಾಸ್ಥಾನವು ಎಂಥ ರೋಗಿಯನ್ನು ಕೈಗೊಳ್ಳಬೇಕೆಂಬುದನ್ನು ತಿಳಿಸುತ್ತದೆ: ಅವನ ಅಂಗ ಬಾಡಿರಬಾರದು, ಅದರಲ್ಲಿ ನೋವಿರಬೇಕು, ಅವನು ಮನಸ್ಸನ್ನು ಹಿಡಿತದಲ್ಲಿಟ್ಟುಕೊಂಡವನಾಗಿರಬೇಕು, ಚಿಕಿತ್ಸೆಗೆ ಬೇಕಾದ ಸಾಧನಸಂಪತ್ತುಳ್ಳವನಾಗಿರಬೇಕು. ಚರಕಸಂಹಿತೆಯ ವಾತವ್ಯಾಧಿಪ್ರಕರಣವು ರೋಗ ಹೊಸದಾಗಿದ್ದು, ರೋಗಿ ಬಲವಂತನಾಗಿದ್ದು, ಉಪದ್ರವಗಳಿಲ್ಲದಿದ್ದರೆ ಚಿಕಿತ್ಸೆ ಮಾಡಬೇಕೆನ್ನುತ್ತದೆ. ಈ ಲಕ್ಷಣಗಳಲ್ಲಿ ಕೆಲವು ರೋಗಕ್ಕೆ, ಕೆಲವು ರೋಗಿಗೆ ಸೇರಿದವು. ಸಾಧನಸಂಪತ್ತು ಅವನ ಮನೆಗೆ ಸೇರಿದುದು.

ಇನ್ನು ಆಧುನಿಕರ ಮತ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಚಲನೆಯ ನರಮಾರ್ಗವು ಎಷ್ಟು ಉಳಿದಿದೆಯೋ ಕೈಯ ಚೇತರಿಕೆಯು ಬಹುಮಟ್ಟಿಗೆ ಅದನ್ನು ಅವಲಂಬಿಸುತ್ತದೆ. ಇದನ್ನು ಹಾಸಿಗೆಯ ಬಳಿಯಲ್ಲಿಯೇ ಪರೀಕ್ಷಿಸುವ ಉಪಾಯವೆಂದರೆ, ರೋಗಿಯು ತಾನಾಗಿ ತೋಳನ್ನು ಪಕ್ಕಕ್ಕೆ ಎತ್ತಬಲ್ಲನೇ, ಮಡಿಸಿದ ಬೆರಳುಗಳನ್ನು ಚಾಚಬಲ್ಲನೇ ಎಂದು ನೋಡುವುದು. ನೆದರ್ಲೆಂಡಿನಲ್ಲಿ 188 ರೋಗಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಎರಡನೆಯ ದಿನವೇ ಈ ಎರಡನ್ನೂ ಸ್ವಲ್ಪವಾದರೂ ಮಾಡಬಲ್ಲವರಲ್ಲಿ ಆರು ತಿಂಗಳಿಗೆ ಕೈಗೆಲಸದ ಅಲ್ಪಸ್ವಲ್ಪ ಶಕ್ತಿಯಾದರೂ ಮರಳುವ ಸಂಭವ ನೂರಕ್ಕೆ 98. ಮಾಡಲಾರದವರಲ್ಲಿ ನೂರಕ್ಕೆ 25. ಒಂಬತ್ತನೆಯ ದಿನಕ್ಕೂ ಅಂಗ ಮಿಸುಕದಿದ್ದರೆ ಸಂಭವವು 14ಕ್ಕೆ ಇಳಿಯುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ‘ಪ್ರೆಪ್-2’ ಎಂಬ ಕ್ರಮವು ಈ ಪರೀಕ್ಷೆಯೊಡನೆ ವಯಸ್ಸನ್ನೂ, ಅಗತ್ಯವಾದಲ್ಲಿ ನರಮಾರ್ಗದ ಪರೀಕ್ಷೆಯನ್ನೂ ಸೇರಿಸಿ, ಮೂರು ತಿಂಗಳ ಮುಂದಿನ ಸ್ಥಿತಿಯನ್ನು ಹೇಳುತ್ತದೆ. ಅದರ ಮಾತು ನಾಲ್ವರಲ್ಲಿ ಮೂವರ ವಿಷಯದಲ್ಲಿ ಸರಿಯಾಗುತ್ತದೆ.

ದೋಷಭೇದವನ್ನು ನರಮಾರ್ಗದ ಭಾಷೆಗೆ ತಿರುಗಿಸಿ ಎರಡೂ ಒಂದೇ ಎನ್ನುವುದು ಶಾಸ್ತ್ರನ್ಯಾಯವಲ್ಲ; ಎರಡರ ಆಧಾರಗಳೂ ಬೇರೆ. ಆದರೂ ರೋಗದ ಹೆಸರನ್ನು ಮಾತ್ರವೇ ನೋಡಿ ಫಲವನ್ನು ಹೇಳಬಾರದು, ರೋಗಿಯ ಬಲವನ್ನೂ ಕಾಲವನ್ನೂ ನೋಡಬೇಕೆಂಬುದರಲ್ಲಿ ಇಬ್ಬರಿಗೂ ಐಕಮತ್ಯವಿದೆ. ಆಧುನಿಕರಲ್ಲಿ ಹೆಚ್ಚಾಗಿರುವುದು ಎಣಿಕೆ. ಎಷ್ಟು ಮಂದಿಯಲ್ಲಿ ತಮ್ಮ ಮಾತು ತಪ್ಪುವುದೆಂಬುದನ್ನೂ ಅವರು ಎಣಿಸಿಡುತ್ತಾರೆ.

ಈ ಎಣಿಕೆಯಿಂದ ನಾವು ಕಲಿಯತಕ್ಕದ್ದಿದೆ. ಎರಡನೆಯ ದಿನ ಬೆರಳು ಚಾಚಲಾರದ ರೋಗಿಯ ಮನೆಯವರಿಗೆ ‘ಕೈ ಬರುವುದು ಅಸಾಧ್ಯ’ವೆಂದು ಹೇಳಿದರೆ ಅವರು ಅಂಗಸಾಧನೆಯನ್ನು ಬಿಟ್ಟುಬಿಡಬಹುದು, ಆ ನೂರರಲ್ಲಿ 25 ಮಂದಿಗೆ ಇದರಿಂದ ಅನ್ಯಾಯವಾಗುತ್ತದೆ. ‘ಖಂಡಿತ ಬರುವುದು’ ಎಂದರೆ ಉಳಿದ 75 ಮಂದಿಗೆ ಸುಳ್ಳು ಹೇಳಿದಂತಾಗುತ್ತದೆ. ಇನ್ನೊಂದು ಕೈಯಿಂದ ಉಣ್ಣುವುದನ್ನೂ ಉಡುವುದನ್ನೂ ಕಲಿಯುವ ಕಾಲವೂ ವ್ಯರ್ಥವಾಗುತ್ತದೆ. ಆದುದರಿಂದ ಕನ್ನಡದಲ್ಲಿ ವೈದ್ಯವಿಷಯವನ್ನು ಬರೆಯುವವರೂ ಪರಿಭಾಷೆಯನ್ನು ಕಟ್ಟುವವರೂ ಸಂಭವ ಕಡಿಮೆಯಿರುವಲ್ಲಿ ‘ಕೃಚ್ಛ್ರಸಾಧ್ಯ’ವೆಂದೂ, ಕೊರತೆಯೊಡನೆ ಬಾಳಬೇಕಾದಲ್ಲಿ ‘ಯಾಪ್ಯ’ವೆಂದೂ ಬಳಸಿ, ಪಕ್ಕದಲ್ಲಿ ಸುಲಭವಾದ ಮಾತಿನಲ್ಲಿ ಅರ್ಥವನ್ನೂ ನೂರಕ್ಕೆ ಎಷ್ಟೆಂಬ ಎಣಿಕೆಯನ್ನೂ ಕೊಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ವಿದ್ವಾಂಸರು ಇದನ್ನು ಪರಾಮರ್ಶಿಸಬೇಕೆಂದು ಪ್ರಾರ್ಥನೆ.