ಅಜ್ಜನ ವಾಚಿಗೆ ಹೊಸ ಬಣ್ಣ ಬೇಡ

ಕಾಸರಗೋಡು: ಮುಂಬಯಿಯ ಹೋಟೆಲುಗಳಿಗೆ, ಗಲ್ಫಿಗೆ ದುಡಿಯಲು ಹೋದವರು ತಂದ ಸ್ವಿಸ್ ವಾಚುಗಳು ನಮ್ಮಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿ ನಿಂತುಹೋಗಿವೆ. ಫೇವರ್ ಲೂಬಾ, ವೆಸ್ಟ್ ಎಂಡ್, ರೋಮರ್, ಕ್ಯಾಮಿ... ರೋಲೆಕ್ಸ್, ಒಮೆಗಾ ಮಾತು ಬಿಡಿ, ಹಳೇ ವಾಚಿನ ಹುಚ್ಚು ಹಿಡಿದವರ ಕೈಗೆಟಕುವುದು ಇವೇ.

ಅಗ್ಗವೆಂದು ಅಸಡ್ಡೆ ಬೇಡ. ಫೇವರ್ ಲೂಬಾ 1737ರಷ್ಟು ಹಳೆಯ ಹೆಸರು. 1962ರಲ್ಲಿ ಬಂದ ಅದರ 'ಟ್ವಿನ್ ಪವರ್' ಯಂತ್ರದೊಳಗೆ ಒಂದಲ್ಲ, ಎರಡು ಸ್ಪ್ರಿಂಗ್! ಆದರೂ ವಾಚು ತೆಳ್ಳಗೇ ಇದೆ.

ಮೋಸ ಇರುವುದು ಡಯಲಿನಲ್ಲಿ. ಮಾಸಿದ ಡಯಲಿಗೆ ಕೇಸರಿ, ನೀಲಿ ಬಳಿದು, ಹೆಸರು ಮತ್ತೆ ಅಚ್ಚೊತ್ತಿ ಮಾರುವವರಿದ್ದಾರೆ. ಅಕ್ಷರ ಹರಡಿದ್ದರೆ, ಆರರ ಕೆಳಗಿನ 'ಸ್ವಿಸ್ ಮೇಡ್' ಓರೆಯಾಗಿದ್ದರೆ ಅನುಮಾನಪಡಿ. ಬೇರೆ ವಾಚಿನ ಯಂತ್ರ ತುರುಕಿದ್ದೂ ಉಂಟು. ಹಿಂದಿನ ಮುಚ್ಚಳ ತೆಗೆಸಿ ನೋಡದೆ ದುಡ್ಡು ಕೊಡಬೇಡಿ.

ಮನೆಯದೇ ವಾಚಾದರೆ ಬಣ್ಣದ ಉಸಾಬರಿಯೇ ಬೇಡ. ಮಾಸಿದ ಮೂಲ ಡಯಲಿಗೇ ಬೆಲೆ ಜಾಸ್ತಿ. ಮೊದಲು ಬಿಚ್ಚಿ ತೊಳೆಸಿ, ಎಣ್ಣೆ ಹಾಕಿಸಿ. ಅದಕ್ಕೂ ಮುಂಚೆ ಕೀ ಕೊಟ್ಟು ದಿನವಿಡೀ ಓಡಿಸಿದರೆ, ಎಣ್ಣೆ ಒಣಗಿದ ಚಕ್ರಗಳು ಸವೆದಾವು. ಬಿಡಿಭಾಗ ಸಿಗುವುದು ಕಷ್ಟ, ಈ ಕೆಲಸ ಬಲ್ಲ ಹಿರಿಯ ರಿಪೇರಿಯವರೂ ಈಗ ಕಡಿಮೆ.